ರೊಟ್ಟಿಯವನ ಎದುರು ಮನೆ

"ಗುರುಗಳೇ, ಅಂತ್ಯದಿನಗಳಲ್ಲಿ ನಮ್ಮ ಉಪವಾಸಗಳೆಲ್ಲ ಹಬ್ಬಗಳಾಗುತ್ತವೆ ಎಂದು ಪ್ರವಾದಿ ನುಡಿದಿದ್ದಾನೆ. ಆ ಕಾಲ ಇನ್ನೂ ಏಕೆ ಬಂದಿಲ್ಲ?"

ಕೇಳಿದವನು ಆಸಾಫ. ಅಂದು ಆಬ್ ಮಾಸದ ಒಂಬತ್ತನೆಯ ದಿನ, ಯೆರೂಸಲೇಮಿನ ದೇವಾಲಯ ಬಿದ್ದ ದಿನ. ಯೆಹೂದ್ಯರು ಅಂದು ಅನ್ನ ನೀರು ಬಿಟ್ಟು, ನೆಲದ ಮೇಲೆ ಕೂತು, ಶೋಕಗೀತೆ ಓದುತ್ತಾರೆ. ಎದುರಾದವರಿಗೆ 'ಶಾಲೋಮ್' ಎಂದು ನಮಸ್ಕಾರ ಹೇಳುವುದೂ ಇಲ್ಲ. ಆ ವರ್ಷ ಶೋಕಗೀತೆ ಓದುವ ಭಾಗ್ಯ ಸಹಪಾಠಿ ನಫ್ತಾಲಿಗೆ ಸಿಕ್ಕಿತ್ತು. ಹಿಂದಿನ ರಾತ್ರಿ ಅವನು ಓದಿದಾಗ ಊರೇ ಅತ್ತಿತು. ಆಸಾಫನಿಗೂ ಅಳು ಬಂದಿತ್ತು, ಕಾರಣ ಬೇರೆ. ಈಗ ಸಂಜೆ, ಗುರುಗಳ ಬಾಗಿಲಲ್ಲಿ ನಿಂತಿದ್ದ ನಫ್ತಾಲಿಯನ್ನು ಅವನು ಮಾತಾಡಿಸದೆ ದಾಟಿ ಬಂದಿದ್ದ. ನಿಯಮ ಇತ್ತಲ್ಲ, ಅನುಕೂಲವಾಯಿತು.

ಗುರು ಕತೆ ಶುರುಮಾಡಿದರು.

ಒಂದೂರಿನಲ್ಲಿ ಒಬ್ಬ ಜವಳಿ ವ್ಯಾಪಾರಿ. ಅವನ ಎದುರು ಮನೆಯಲ್ಲಿ ಒಬ್ಬ ರೊಟ್ಟಿ ಸುಡುವವನು. ಬೆಳಗಾದರೆ ಊರೆಲ್ಲ ರೊಟ್ಟಿಯವನ ಬಾಗಿಲಲ್ಲಿ. ಕೊಂಡವರು ಅಲ್ಲೇ ನಿಂತು ನಗುತ್ತಿದ್ದರು. ಜವಳಿಗೆ ಬಂದವರು ಚೌಕಾಸಿ ಮಾಡಿ ಹೋಗುತ್ತಿದ್ದರು, ನಗುತ್ತಿರಲಿಲ್ಲ. ವ್ಯಾಪಾರಿಯ ಹೊಟ್ಟೆ ಎದುರು ಮನೆಯ ಒಲೆಗಿಂತ ಒಂದು ಗಳಿಗೆ ಮೊದಲೇ ಹೊತ್ತಿಕೊಳ್ಳುತ್ತಿತ್ತು.

ಉಪವಾಸದ ದಿನ ಮಾತ್ರ ಆ ಒಲೆ ತಣ್ಣಗಿರುತ್ತಿತ್ತು. ಅಂದು ಸಭಾಮಂದಿರದ ನೆಲದ ಮೇಲೆ ಎಲ್ಲರಿಗಿಂತ ಮುಂದೆ ಕೂರುವವನು ವ್ಯಾಪಾರಿ. "ಉಪವಾಸ ಎಂದರೆ ಅವರದು" ಎನ್ನುತ್ತಿತ್ತು ಊರು. ಆ ಹಸಿವಿಗಾಗಿ ಅವನು ವರ್ಷವಿಡೀ ಬಾಯಲ್ಲಿ ನೀರೂರಿಸಿಕೊಂಡು ಕಾಯುತ್ತಿದ್ದ.

ಒಂದು ವರ್ಷ ಉಪವಾಸದ ಬೆಳಗ್ಗೆ ಮುದುಕನೊಬ್ಬ ಅವನ ಬಾಗಿಲು ತಟ್ಟಿದ. ಬಂದವನು ಪ್ರವಾದಿ ಎಲೀಯ. ಲೋಕವನ್ನು ಬಿಡಿಸಲು ಬರಬೇಕಾದ ಮೆಸ್ಸೀಯನಿಗಿಂತ ಮುಂಚೆ ಬಂದು ಸುದ್ದಿ ತಿಳಿಸುವುದು ಅವನ ಕೆಲಸ.

"ಕಾಲ ಕೂಡಿಬಂದಿದೆಯಪ್ಪಾ. ಎದುರು ಮನೆಗೆ ಹೋಗಿ ಒಂದು ಶಾಲೋಮ್ ಹೇಳು, ಸಾಕು. ಇಂದಿನಿಂದಲೇ ಉಪವಾಸಗಳೆಲ್ಲ ಹಬ್ಬ."

ವ್ಯಾಪಾರಿಯ ಕಣ್ಣು ತುಂಬಿಬಂತು. ದಿನಕ್ಕೆ ಮೂರು ಹೊತ್ತು ಅವನು ಬೇಡುತ್ತಿದ್ದದ್ದು ಇದನ್ನೇ. ಆಮೇಲೆ ಒಂದು ಯೋಚನೆಯೂ ಬಂತು.

"ಸ್ವಾಮಿ, ಹಬ್ಬವಾದರೆ ಜನ ರೊಟ್ಟಿಗೆ ಎಲ್ಲಿಗೆ ಹೋಗುತ್ತಾರೆ?"

"ಇನ್ನೆಲ್ಲಿಗೆ? ಎದುರು ಮನೆಗೆ."

"ಈ ದಿನವೂ?"

"ಈ ದಿನವೇ ಹೆಚ್ಚು."

ವ್ಯಾಪಾರಿ ಕಣ್ಣೊರೆಸಿಕೊಂಡ. "ಇಂದು ಯಾರಿಗೂ ಶಾಲೋಮ್ ಹೇಳಬಾರದೆಂದು ಶಾಸ್ತ್ರ. ನಾನು ಶಾಸ್ತ್ರ ಮೀರಿದವನಲ್ಲ" ಎಂದು ಬಾಗಿಲು ಹಾಕಿಕೊಂಡ. ಅಂದು ಅವನಷ್ಟು ನೆಮ್ಮದಿಯಾಗಿ ಉಪವಾಸ ಮಾಡಿದವರು ಆ ಊರಿನಲ್ಲಿ ಇರಲಿಲ್ಲ.

ಆಸಾಫ ನೆಲಕ್ಕೆ ಕೈ ಬಡಿದ. "ಎಂಥ ಹೊಟ್ಟೆಕಿಚ್ಚು! ಒಂದು ಮಾತು ಆಡಲಾರದೆ ಲೋಕದ ಬಿಡುಗಡೆಯನ್ನೇ ತಡೆದನಲ್ಲ, ಪಾಪಿ!"

ಗುರು ಕಿಟಕಿಯಾಚೆ ನೋಡಿದರು.

"ನಕ್ಷತ್ರ ಮೂಡಿತು, ಉಪವಾಸವೂ ನಿಯಮವೂ ಮುಗಿದವು, ಬಾಗಿಲಲ್ಲಿ ನಿಂತಿರುವ ನಫ್ತಾಲಿಯನ್ನು ಒಳಗೆ ಕರೆ, ಆಸಾಫ."

ಆಸಾಫ ಎದ್ದು ಕಿಟಕಿಗೆ ಹೋಗಿ, ನಕ್ಷತ್ರ ನಿಜವಾಗಿ ಮೂಡಿದೆಯೇ ಎಂದು ನೋಡಿದ.