ಕುಂಡದ ಬಿಳಿ ಹುಳ ನೀರು ಬಿದ್ದರೆ ಏಕೆ ಚಿಮ್ಮುತ್ತದೆ

ಲೋಕ ಆಗಿನ್ನೂ ಹೊಸದು. ಬೆಟ್ಟಗಳು ಎಲ್ಲಿ ಕೂರಬೇಕೆಂದು ಜಗಳವಾಡಿ ಆಗಷ್ಟೇ ಕೂತಿದ್ದವು. ಹೊಳೆಗೆ ತನ್ನ ದಾರಿ ಇನ್ನೂ ಬಾಯಿಪಾಠ ಆಗಿರಲಿಲ್ಲ. ಆಗ ಎಲ್ಲರೂ ಎಲ್ಲರ ಜೊತೆ ಮಾತನಾಡುತ್ತಿದ್ದರು. ಮಾತನಾಡುತ್ತಿದ್ದರು ಎಂದರೆ ಕೇಳಿಸಿಕೊಳ್ಳುತ್ತಿದ್ದರು ಅಂತಲ್ಲ, ಮಗು. ಆ ಗುಣ ಆಗಲೂ ಕಡಿಮೆಯೇ.

ಆ ಕಾಲದಲ್ಲಿ ಕೆಂಚವ್ವ ಎಂಬ ಹೆಂಗಸಿದ್ದಳು. ಮೊಟ್ಟಮೊದಲು ಅನ್ನ ಬಸಿದವಳು ಅವಳೇ. ಹೊರಗೆ ನೆಟ್ಟ ಗಿಡವನ್ನೆಲ್ಲ ಆಡು ತಿಂದುಹಾಕುತ್ತಿತ್ತು. ಅದಕ್ಕೇ ಅವಳು ಬಾಯಿ ಒಡೆದ ಮಡಕೆಗೆ ಮಣ್ಣು ತುಂಬಿ, ಹೊಳೆ ಕೊಟ್ಟ ಮಲ್ಲಿಗೆ ಕಡ್ಡಿಯನ್ನು ನೆಟ್ಟು, ಅಡುಗೆಮನೆಯ ಕಿಟಕಿಯಲ್ಲಿಟ್ಟಳು. ಮಕ್ಕಳಿಲ್ಲದ ಮನೆ. ಆ ಗಿಡವೇ ಅವಳ ಮಗಳು. "ಏನವ್ವಾ, ನಿದ್ದೆ ಬಂತಾ?" ಎಂದು ಅದನ್ನು ಕೇಳಿಯೇ ಒಲೆ ಹಚ್ಚುತ್ತಿದ್ದಳು.

ಮಡಕೆಯ ಮಣ್ಣಿನಲ್ಲಿ ಪುಟ್ಟ ಹುಳಗಳ ಸಂಸಾರವೊಂದಿತ್ತು. ಸಾಸಿವೆಗಿಂತ ಸಣ್ಣವು. ಮಣ್ಣಿನದೇ ಬಣ್ಣ. ಬೇರಿಗೆ ಬೂಸಲು ಹಿಡಿದರೆ ಬೂಸಲು ತಿನ್ನುತ್ತಿದ್ದವು, ಎಲೆ ಕೊಳೆತರೆ ಕೊಳೆತದ್ದನ್ನು ತಿನ್ನುತ್ತಿದ್ದವು. ಬದುಕಿರುವ ಬೇರನ್ನು ಮುಟ್ಟುತ್ತಿರಲಿಲ್ಲ. ಮಲ್ಲಿಗೆಗೆ ಇದು ಗೊತ್ತಿತ್ತು. ಕೆಂಚವ್ವನಿಗೆ ಗೊತ್ತಿರಲಿಲ್ಲ. ಅವಳು ದಿನಾ ಎಲೆ ಎಣಿಸುತ್ತಿದ್ದಳೇ ಹೊರತು ಮಣ್ಣಿನ ಕಡೆ ನೋಡಿದವಳಲ್ಲ.

ಹೀಗಿರುವಾಗ ಗುಂಗುರು ಬಂತು. ಗಾಳಿಯನ್ನು ಕಾಡಿ ಬೇಡಿ ಕೊನೆಯ ಜೊತೆ ರೆಕ್ಕೆ ಗಿಟ್ಟಿಸಿಕೊಂಡಿದ್ದ ಕರಿಯ ಪುಟ್ಟ ನೊಣ ಅದು. ಒದ್ದೆ ಮಣ್ಣಿನಲ್ಲಿ ಮೊಟ್ಟೆಯಿಟ್ಟು, ಕೆಂಚವ್ವನ ಮೂಗಿನ ಮುಂದೆಯೇ ಹಾರಿ ಹೋಯಿತು. ಮೊಟ್ಟೆಯೊಡೆದು ಬಂದ ಕರಿತಲೆಯ ಮರಿಗಳು ಎಳೆ ಬೇರಿನೊಳಗೇ ನುಗ್ಗಿ ತಿನ್ನತೊಡಗಿದವು.

ಮಲ್ಲಿಗೆಯ ಎಲೆ ಹಳದಿಯಾಯಿತು. ಮೊಗ್ಗು ಉದುರಿತು. ಮಾತನಾಡಲೂ ಅದಕ್ಕೆ ತ್ರಾಣವಿರಲಿಲ್ಲ.

ಕೆಂಚವ್ವ ಆಗ ಅನ್ನ ಬಸಿಯುತ್ತಿದ್ದಳು. ಕುದಿಯುವ ಗಂಜಿಯ ಪಾತ್ರೆ ಹಿಡಿದೇ ಓಡಿಬಂದು ಮಣ್ಣು ಕೆದಕಿದಳು. ಕೊಳೆತ ಬೇರಿನ ಸುತ್ತ ಪುಟ್ಟ ಹುಳಗಳು ಕಿಕ್ಕಿರಿದಿದ್ದವು. ಕೊಳೆ ತೆಗೆಯಲು ಮನೆಮಂದಿಯೆಲ್ಲ ಬಂದಿದ್ದರು, ಪಾಪ.

"ಓಹೋ, ನೀವಾ? ನನ್ನ ಮಗಳನ್ನ ತಿನ್ತಾ ಇರೋರು ನೀವಾ?"

"ನಾವಲ್ಲ ಕಣವ್ವಾ," ಎಂದಳು ಹುಳಗಳ ಅಜ್ಜಿ. "ಮಣ್ಣಿನ ಮೇಲೆ ಒಂದು ಹೋಳು ಗೆಣಸು ಇಟ್ಟು ನೋಡು. ತಿನ್ನೋರು ಯಾರೋ ಅವರೇ ಮೇಲೆ ಬರ್ತಾರೆ."

"ಬೇರಿನ ಬುಡದಲ್ಲೇ ಸಿಕ್ಕಿಬಿದ್ದು ನನಗೇ ಬುದ್ಧಿ ಹೇಳ್ತೀಯಾ?"

ಗಂಜಿ ತಣ್ಣಗಾದ ಮೇಲೆ ಗಿಡಕ್ಕೆ ಹಾಕುವುದು ಅವಳದೇ ಪದ್ಧತಿ. ಅವತ್ತು ಕಾಯಲಿಲ್ಲ. ಹುಳಗಳಿದ್ದ ಮಣ್ಣನ್ನು ಮಡಕೆಯ ಅಂಚಿಗೆ ಎಳೆದು, ಕುದಿಕುದಿಯುವ ಗಂಜಿಯನ್ನು ಅದರ ಮೇಲೆ ಸುರಿದುಬಿಟ್ಟಳು. ಅಜ್ಜಿ ಮತ್ತೆ ಮಾತನಾಡಲಿಲ್ಲ.

ಮರುದಿನ ಮಲ್ಲಿಗೆ ಇನ್ನಷ್ಟು ಬಾಡಿತ್ತು. ಕೆಂಚವ್ವನಿಗೆ ಅಜ್ಜಿಯ ಮಾತು ನೆನಪಾಯಿತು. ಗೆಣಸಿನ ಹೋಳೊಂದನ್ನು ಮಣ್ಣಿನ ಮೇಲಿಟ್ಟಳು. ಸಂಜೆ ಎತ್ತಿ ನೋಡಿದರೆ, ಅದರಡಿಯಲ್ಲಿ ಕರಿತಲೆಯ ಮರಿಗಳು ಮಿಲಮಿಲ ಎನ್ನುತ್ತಿದ್ದವು.

"ಅಯ್ಯೋ, ನನ್ನ ಕೈ ಸೇದೋಗ! ಒಂದು ಮಾತು ಕೇಳಬಾರದಿತ್ತಾ ನಾನು? ಒಂದು ಹೋಳು ಗೆಣಸಿಗೆ ಏನು ಬರ ಬಂದಿತ್ತು ಈ ಮನೇಲಿ?"

ಅತ್ತಳು, ತುಂಬಾ ಅತ್ತಳು. ಅತ್ತರೆ ಅಜ್ಜಿ ಬರುತ್ತಾಳೆಯೇ?

ಮಡಕೆಯ ಆಳಕ್ಕೆ ಜಾರಿದ್ದ ಕೆಲವು ಹುಳ ಮಾತ್ರ ಉಳಿದಿದ್ದವು. ಸೋರಿಬಂದ ಗಂಜಿಯಲ್ಲಿ ನೆನೆದು ಬೆಳ್ಳಗಾಗಿದ್ದವು. ಅವು ಗಾಳಿಯನ್ನು ಕೇಳಿದವು: "ಅಣ್ಣಾ, ನಮಗೂ ರೆಕ್ಕೆ ಕೊಡು. ಹೊರಟುಹೋಗ್ತೀವಿ."

ಗಾಳಿ ತಲೆ ತಗ್ಗಿಸಿತು. "ಇದ್ದ ಕೊನೆ ಜೊತೇನ ಗುಂಗುರಿಗೆ ಕೊಟ್ಟುಬಿಟ್ಟೆನಲ್ಲಾ. ಅದು ಎಂಥಾದ್ದು ಅಂತ ನಾನೂ ನೋಡಲಿಲ್ಲ."

ಆಗ ಮಲ್ಲಿಗೆ ಮೆಲ್ಲನೆ ಬಾಯಿಬಿಟ್ಟಿತು. "ನನ್ನ ಬೇರಿನ ತುದಿ ತಗೊಳ್ಳಿ. ಕವಲಾಗಿರೋದನ್ನೇ ನೋಡಿ ತಗೊಳ್ಳಿ. ಹೊಟ್ಟೆ ಕೆಳಗೆ ಮಡಚಿಟ್ಕೊಂಡಿರಿ. ಮೇಲಿಂದ ಏನಾದ್ರೂ ಬಿದ್ರೆ ಮಡಚಿದ್ದನ್ನ ಬಿಟ್ಟುಬಿಡಿ, ದೂರ ಚಿಮ್ಮುತ್ತೀರಿ. ಆದರೆ ನನ್ನ ಬಿಟ್ಟು ಹೋಗಬೇಡಿ."

ಅವು ಕವಲನ್ನು ಹೊಟ್ಟೆಯಡಿ ಮಡಚಿಕೊಂಡು, ಮಲ್ಲಿಗೆಯ ಮುಖ ನೋಡಿ ಉಳಿದವು. ಬೂಸಲು ತಿಂದವು, ಕೊಳೆ ತೆಗೆದವು. ಕೆಂಚವ್ವ ದಿನಾ ಗೆಣಸಿನ ಹೋಳಿಟ್ಟು ಕರಿತಲೆಗಳನ್ನು ಎತ್ತಿ ಎಸೆದಳು. ಮಲ್ಲಿಗೆ ಚಿಗುರಿತು.

ಅವಳು ತಣ್ಣೀರು ತಂದಳು. ಮೊದಲು ತನ್ನ ಅಂಗೈಗೆ ಹನಿಸಿ ನೋಡಿಕೊಂಡಳು. "ಬನ್ರಪ್ಪಾ, ತಣ್ಣಗಿದೆ," ಎಂದು ಮೆಲ್ಲಗೆ ಹಾಕಿದಳು. ಮೊದಲ ಹನಿ ಬಿದ್ದದ್ದೇ ತಡ, ಬಿಳಿ ಹುಳಗಳೆಲ್ಲ ಪಟಪಟನೆ ಚಿಮ್ಮಿ ದೂರ ಬಿದ್ದವು. ಮರುದಿನವೂ ಹಾಗೇ. ತಲೆ ನರೆತ ಮೇಲೂ ಅವಳು ಹಾಗೇ ಹೇಳುತ್ತಿದ್ದಳು, "ತಣ್ಣಗಿದೆ ಕಣ್ರಪ್ಪಾ, ತಣ್ಣಗಿದೆ." ಮಲ್ಲಿಗೆ ಮತ್ತೆ ಹೂ ಬಿಟ್ಟಾಗ ಅವಳು ಮುಡಿಯಲಿಲ್ಲ. ಕಿತ್ತು, ಗಂಜಿ ಸುರಿದ ಜಾಗದಲ್ಲಿ ಇಟ್ಟಳು.

ನಾಳೆ ನಮ್ಮ ಕಿಟಕಿಯ ಮನಿಪ್ಲಾಂಟಿಗೆ ನೀರು ಹಾಕುವಾಗ ಬಗ್ಗಿ ನೋಡು, ಮಗು. ಮಣ್ಣಿನ ಮೇಲೆ ಬಿಳಿ ಚುಕ್ಕೆಗಳು ಚಿಮ್ಮುತ್ತವೆ. ಆಟವಾಡುತ್ತಿವೆ ಅಂದುಕೊಂಡು ನಗಬೇಡ. ನಿನ್ನ ಲೋಟದ ನೀರು ಎಷ್ಟೇ ತಣ್ಣಗಿರಲಿ, ಅವಕ್ಕೆ ನಮ್ಮ ಕೈ ಮೇಲೆ ಇವತ್ತಿಗೂ ನಂಬಿಕೆ ಬಂದಿಲ್ಲ.