ರಾಜ್ಯೋತ್ಸವದ ದಿನದ ತುರ್ತು ಕೆಲಸ

ಆಗ ನಾನು ಕಚೇರಿಯ ಮ್ಯಾನೇಜರು. ರಾಜ್ಯೋತ್ಸವಕ್ಕೆ ಎರಡು ದಿನ ಮುಂಚೆ ಗುಡುಗಿದೆ: "ನಾಳಿದ್ದು ಯಾರಿಗೂ ರಜೆ ಇಲ್ಲ. ಎಲ್ಲರೂ ಬಂದು ನನ್ನ ಮಗಳ ಲಗ್ನಪತ್ರಿಕೆಗಳಿಗೆ ವಿಳಾಸ ಬರೀಬೇಕು."

"ಆಗಲಿ ಸಾರ್" ಅಂದರು ಗುಮಾಸ್ತೆ ಚೆನ್ನಾಜಮ್ಮ. ಹತ್ತೇ ನಿಮಿಷಕ್ಕೆ ಆದೇಶ ಟೈಪ್ ಮಾಡಿ ತಂದರು.

"ರಜೆ ದಿನ ಕರೆಸಿದರೆ ಕಾರಣ ಬರೆದು ನೋಟಿಸ್ ಬೋರ್ಡಿಗೆ ಹಾಕಬೇಕು ಅಂತ ನೀವೇ ಮಾಡಿದ ನಿಯಮ ಸಾರ್. ಬರೆದಿದ್ದೀನಿ, ಸಹಿ ಹಾಕಿ."

ಓದಿದೆ. 'ಕಾರಣ: ಸಾಹೇಬರ ಮನೆ ಮದುವೆಯ ತುರ್ತು ಕೆಲಸ.'

ತಲೆ ಎತ್ತಲಾಗಲಿಲ್ಲ. "ಎಲ್ಲರಿಗೂ ರಜೆ ಇರಲಿ ಬಿಡಿ" ಅಂದೆ.

ರಾಜ್ಯೋತ್ಸವದ ದಿನ ಮನೆಯಲ್ಲಿ ನಾನೇ ಬರೆಯಲು ಕೂತೆ. ಮೊದಲನೆಯದು ಚೆನ್ನಾಜಮ್ಮನವರಿಗೇ ಅಂತ ಹೆಸರು ಬರೆದೆ. ಪೆನ್ನು ಅಲ್ಲೇ ನಿಂತಿತು. ಹನ್ನೆರಡು ವರ್ಷ ನನ್ನ ಎದುರಿಗೇ ಕೂತು ಕೆಲಸ ಮಾಡಿದವರ ಮನೆ ಎಲ್ಲಿ ಅಂತ ನನಗೆ ಗೊತ್ತಿರಲಿಲ್ಲ.