ಅಡಿವೆಪ್ಪನ ಚೈನಿನ ಟ್ರ್ಯಾಕ್ಟರ್

ಹೇಳಿದ ಮಾತು ಕೇಳದ ಮಕ್ಕಳು ಯಾವ ಊರಿಗೆ ಹೋದರೂ ಸಿಗುತ್ತಾರೆ. ಅವರ ತಾಯಂದಿರು ಬಾವಿಯ ಹತ್ತಿರ ಕೂಡಿ ಗೋಳು ತೋಡಿಕೊಳ್ಳುತ್ತಾರೆ, ಹಗುರಾಗಿ ಮನೆಗೆ ಹೋಗುತ್ತಾರೆ. ಸಂಕವ್ವನಿಗೆ ಆ ಸುಖವೂ ಇರಲಿಲ್ಲ. ಅವಳ ಮಗ ಅಡಿವೆಪ್ಪ ಹೇಳಿದ್ದನ್ನೆಲ್ಲ ಕೇಳುತ್ತಿದ್ದ. ಕೇಳಿದ್ದನ್ನೆಲ್ಲ ಮಾಡುತ್ತಿದ್ದ. ಎಮ್ಮೆಯ ಹಿಂದೆ ಹೋಗು ಅಂದರೆ ಎಮ್ಮೆಯ ಹಿಂದೆ ಹೋಗುತ್ತಿದ್ದ. ಎಮ್ಮೆ ಕೆರೆಗೆ ಇಳಿದರೆ ತಾನೂ ಇಳಿದು ಕುತ್ತಿಗೆಮಟ್ಟ ನೀರಲ್ಲಿ ಕೂತು, ಎಮ್ಮೆ ಎದ್ದಾಗ ಏಳುತ್ತಿದ್ದ. ಮೂವತ್ತು ದಾಟಿದ ಆಳು, ಮೈಯಲ್ಲಿ ಎತ್ತಿನ ಕಸುವು, ತಲೆಯೊಳಗೆ ಮಾತ್ರ ಒಂದು ಸಲಕ್ಕೆ ಒಂದೇ ಮಾತಿಗೆ ಜಾಗ.

ಸಂಕವ್ವನ ಗಂಡ ಬದುಕಿದ್ದಾಗ ಚೈನಿನ ಟ್ರ್ಯಾಕ್ಟರ್ ಇಟ್ಟಿದ್ದ. ಅದಕ್ಕೆ ಗಾಲಿ ಇಲ್ಲ, ಎರಡೂ ಕಡೆ ಕಬ್ಬಿಣದ ಚೈನು. ಸ್ಟೇರಿಂಗೂ ಇಲ್ಲ, ಎರಡು ಹಿಡಿಕೆ. ಎಡದ್ದು ಎಳೆದರೆ ಎಡಕ್ಕೆ, ಬಲದ್ದು ಎಳೆದರೆ ಬಲಕ್ಕೆ. ಸುತ್ತಲಿನ ಎರೆ ಹೊಲಗಳ ನಟ್ಟನ್ನೆಲ್ಲ ಕಿತ್ತದ್ದು ಅದೇ. ನಟ್ಟು ಅಂದರೆ ಕರಿಕೆ ಹುಲ್ಲಿನ ಬೇರು. ಮೇಲೆ ನೋಡಿದರೆ ಬೆರಳುದ್ದ ಹುಲ್ಲು, ಕೆಳಗೆ ಆಳುದ್ದ ಬೇರು. ಎತ್ತಿನ ನೇಗಿಲು ಕಂಡರೆ ಅದು ನಗುತ್ತದೆ. ಗಾಲಿಯ ಟ್ರ್ಯಾಕ್ಟರ್ ಬಂದರೆ ಬೆನ್ನು ಕೆರೆದಂತಾಗಿ ಇನ್ನೂ ಹುಲುಸಾಗುತ್ತದೆ.

ಗಂಡ ಸತ್ತ ಮೇಲೆ ಟ್ರ್ಯಾಕ್ಟರ್ ಹಿತ್ತಲಿನ ಬೇವಿನ ಮರದ ಕೆಳಗೆ ನಿಂತದ್ದು ನಿಂತೇ ಬಿಟ್ಟಿತು. ತುಕ್ಕು ಹಿಡಿಯಿತು. ಕೋಳಿಗಳು ಸೀಟಿನಲ್ಲಿ ಮೊಟ್ಟೆ ಇಟ್ಟವು. ಊರಿನ ನಟ್ಟನ್ನೆಲ್ಲ ಕಿತ್ತ ಯಂತ್ರದ ಚೈನಿನೊಳಗೇ ನಟ್ಟು ಹುಟ್ಟಿ, ಹಬ್ಬಿ, ಮನೆಯ ಹಿಂದಿನ ಗೋಡೆಯ ಬುಡಕ್ಕೂ ನುಗ್ಗಿತು. ಅತ್ತ ಸಂಕವ್ವನ ಹೊಲವೂ ನಟ್ಟಿನ ಪಾಲಾಗಿ ಬಿತ್ತನೆ ನಿಂತಿತು.

ಪಕ್ಕದ ಹೊಲ ಅವಳ ಮೈದುನ ಗೂಳಪ್ಪನದು. ಅವನು ನಾಲ್ಕು ಮಂದಿ ಹಿರಿಯರನ್ನು ಕೂಡಿಸಿ ನ್ಯಾಯ ಇಟ್ಟ. ಬಿತ್ತದ ಹೊಲ ಇಟ್ಟುಕೊಂಡು ವೈನಿ ಏನು ಮಾಡುತ್ತಾಳೆ, ಮುಂಗಾರು ಬೀಳುವುದರೊಳಗೆ ನಟ್ಟು ಕಿತ್ತರೆ ಹೊಲ ಅವಳದು, ಆಗದಿದ್ದರೆ ನಾನೇ ಉಳುತ್ತೇನೆ ಅಂದ. ಗೂಳಪ್ಪ ಉಳಲು ಹಿಡಿದ ಹೊಲ ತಿರುಗಿ ಬಂದದ್ದನ್ನು ಆ ಊರಲ್ಲಿ ಯಾರೂ ನೋಡಿರಲಿಲ್ಲ. ಸಂಕವ್ವ ಸಿಟ್ಟಿನಲ್ಲಿ ಹೂಂ ಅಂದು ಬಂದಳು. ಮನೆಗೆ ಬಂದು ಟ್ರ್ಯಾಕ್ಟರ್ ನೋಡಿದಳು, ಮಗನನ್ನು ನೋಡಿದಳು, ತಲೆಯ ಮೇಲೆ ಕೈ ಹೊತ್ತು ಕೂತಳು.

ಪಕ್ಕದೂರಿನ ಹಜರೇಸಾಬ ಮಿಸ್ತ್ರಿ ಅವಳ ಗಂಡನ ಗೆಳೆಯ. ಆ ಯಂತ್ರದ ಹೊಟ್ಟೆಯೊಳಗಿನದೆಲ್ಲ ಬಲ್ಲವ. ದಿನಾ ಒಂದು ಹೊತ್ತು ಬಂದು ರಿಪೇರಿ ಮಾಡುತ್ತೇನೆ, ಉಳಿದ ಹೊತ್ತು ಹುಡುಗ ನೋಡಿಕೊಳ್ಳಲಿ ಅಂದ. ಹುಡುಗ ಎಂಥವನು ಅಂತ ಅವನಿಗೆ ಇನ್ನೂ ಗೊತ್ತಿರಲಿಲ್ಲ.

ಮೊದಲ ದಿನ ಮಿಸ್ತ್ರಿ ಎಂಜಿನ್ನಿನ ನಟ್ಟು ಬೋಲ್ಟು, ಸಣ್ಣ ಪುಟ್ಟ ಸಾಮಾನು ಬಿಚ್ಚಿ ಒಂದು ಬುಟ್ಟಿ ತುಂಬಿಸಿದ. ಇವನ್ನು ಸ್ವಚ್ಛ ತೊಳೆದಿಡು ಅಂತ ಅಡಿವೆಪ್ಪನಿಗೆ ಹೇಳಿ ಹೋದ. ಅಡಿವೆಪ್ಪ ಬುಟ್ಟಿ ಹೊತ್ತುಕೊಂಡು ಕೆರೆಗೆ ಹೋದ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಒಂದೊಂದನ್ನೇ ಸೋಪು ಹಚ್ಚಿ ತೊಳೆದ, ಹಸಿಯಾಗಿಯೇ ಬುಟ್ಟಿಗೆ ತುಂಬಿದ, ಮೇಲೆ ಒದ್ದೆ ಗೋಣಿಚೀಲ ಮುಚ್ಚಿದ. ಮರುದಿನ ಚೀಲ ತೆಗೆದರೆ ಬುಟ್ಟಿ ತುಂಬ ಕೆಂಪು ತುಕ್ಕು. ಮಿಸ್ತ್ರಿ ಬೈದ. ಕಬ್ಬಿಣಕ್ಕೆ ನೀರು ತೋರಿಸಬಾರದು, ಬಿಚ್ಚಿದ್ದನ್ನು ಸೀಮೆಎಣ್ಣೆಯಲ್ಲಿ ತೊಳೆಯಬೇಕು, ಒರೆಸಬೇಕು, ಗ್ರೀಸ್ ಬಳಿಯಬೇಕು ಅಂದ. ಅಡಿವೆಪ್ಪ ಹೂಂ ಅಂದ. ಇನ್ನು ಮೇಲೆ ಹಾಗೇ ಮಾಡುತ್ತೇನೆ ಅಂದ.

ಹಾಗೇ ಮಾಡಿದ. ಮರುದಿನ ಬಿಚ್ಚಿದ್ದು ಕ್ಲಚ್ಚಿನ ಪ್ಲೇಟುಗಳು. ಚೈನಿನ ಟ್ರ್ಯಾಕ್ಟರಿಗೆ ಎಡಕ್ಕೊಂದು ಬಲಕ್ಕೊಂದು ಕ್ಲಚ್ಚು, ಎರಡೂ ಹಿಡಿದರೆ ಬಂಡಿ ಓಡುತ್ತದೆ, ಒಂದು ಬಿಟ್ಟರೆ ಆ ಕಡೆ ತಿರುಗುತ್ತದೆ. ಎಣ್ಣೆಯ ಒಂದು ಹನಿ ತಾಗಿದರೂ ಜಾರುತ್ತದೆ, ಹಿಡಿಯುವುದಿಲ್ಲ. ಅಡಿವೆಪ್ಪ ಅವನ್ನು ಸೀಮೆಎಣ್ಣೆಯಲ್ಲಿ ಅದ್ದಿ ತೆಗೆದು, ರೊಟ್ಟಿಗೆ ಬೆಣ್ಣೆ ಸವರಿದಂತೆ ಎರಡೂ ಮಗ್ಗಲು ಗ್ರೀಸ್ ಬಳಿದು, ಒಂದರ ಮೇಲೊಂದು ಜೋಡಿಸಿಟ್ಟ. ಮಿಸ್ತ್ರಿ ಬಂದು ನೋಡಿದ. ಆಮೇಲೆ ಅವನೂ ಬೈದ, ಸಂಕವ್ವನೂ ಬೈದಳು. ಎಣ್ಣೆ ಅಂಟಿದ್ದು ಕಂಡರೆ ಒಲೆಯ ಮುಂದೆ ಇಟ್ಟು ಗರಿಗರಿ ಒಣಗಿಸಬೇಕು, ತಿಳಿಯಿತೋ ಅಂದರು. ತಿಳಿಯಿತು ಅಂದ.

ಮೂರನೆಯದು ಚರ್ಮದ ಸೀಲು. ಹಳೆಯ ಎಂಜಿನ್ನಿನ ಎಣ್ಣೆ ಹೊರಗೆ ಸೋರದ ಹಾಗೆ ಹಿಡಿಯುವ ಬಳೆ ಅದು. ಪೇಟೆಯಲ್ಲಿ ಈಗ ಸಿಗುವುದಿಲ್ಲ. ಮಿಸ್ತ್ರಿ ಚಪ್ಪಲಿ ಹೊಲಿಯುವವರ ಹತ್ತಿರ ಹೋಗಿ ದಪ್ಪ ಚರ್ಮ ಕತ್ತರಿಸಿಕೊಂಡು ಬಂದು, ಮೆತ್ತಗಾಗಲಿ ಅಂತ ಎಣ್ಣೆಯಲ್ಲಿ ನೆನೆ ಹಾಕಿ ಹೋಗಿದ್ದ. ಅಡಿವೆಪ್ಪ ನೋಡಿದ. ಎಣ್ಣೆ ಅಂಟಿದೆ. ಒಲೆಯ ಮುಂದೆ ಇಟ್ಟ. ಮಿಸ್ತ್ರಿ ಬರುವ ಹೊತ್ತಿಗೆ ಅದು ಹಪ್ಪಳದ ಹಾಗೆ ಸೊಟ್ಟಗಾಗಿ, ಮುಟ್ಟಿದರೆ ಮುರಿಯಿತು.

ಸಂಕವ್ವ ಮೊರದಿಂದ ಹೊಡೆದಳು. ಹೊಡೆದು, ತಾನೇ ಅತ್ತು, ಬುದ್ಧಿ ಹೇಳಿದಳು. ಮಿಸ್ತ್ರಿ ಎಷ್ಟು ಕಷ್ಟಪಟ್ಟು ತಂದ ಸಾಮಾನು, ಅಂಥದ್ದನ್ನು ಹಸುಗೂಸಿನ ಹಾಗೆ ಕೌದಿಯಲ್ಲಿ ಸುತ್ತಿ, ಎದೆಗೆ ಅವಚಿಕೊಂಡು ಜೋಪಾನ ಮಾಡಬೇಕು ಅಂದಳು.

ಸೀಲು ಇನ್ನೊಂದು ಕತ್ತರಿಸಿದ್ದಾಯಿತು. ಮಳೆಯ ದಿನ ಹತ್ತಿರ ಬರುತ್ತಿತ್ತು. ಗೂಳಪ್ಪ ದಿನಾ ಹಿತ್ತಲ ಬೇಲಿಯಾಚೆ ನಿಂತು, ನಡೀಲಿ ನಡೀಲಿ ಅಂತ ತಲೆಯಾಡಿಸಿ, ನಕ್ಕು ಹೋಗುತ್ತಿದ್ದ. ಚೈನಿನ ಪಿನ್ನು ಒಂದು ತುಂಡಾಗಿತ್ತು. ಕಂಬಾರ ಮೋನಪ್ಪ ಹೊಸದು ಬಡಿದು ಕೊಡುತ್ತೇನೆ ಅಂದಿದ್ದ. ಅಡಿವೆಪ್ಪ ತರಲು ಹೊರಟ. ಹೊರಡುವಾಗ ಮನೆಯಲ್ಲಿದ್ದ ಹೊಸ ಕೌದಿ ಹೆಗಲಿಗೆ ಹಾಕಿಕೊಂಡ. ಸಂಕವ್ವ ಅದನ್ನು ನೋಡಲಿಲ್ಲ, ಅದೇ ತಪ್ಪಾಯಿತು.

ಮೋನಪ್ಪ ಕೆಂಪಗೆ ಕಾದ ಪಿನ್ನನ್ನು ಆರಲಿ ಅಂತ ನೆಲದ ಮೇಲೆ ಇಟ್ಟು ಚಹಾ ಕುಡಿಯಲು ಎದ್ದಿದ್ದ. ಅಡಿವೆಪ್ಪ ಇಕ್ಕಳದಿಂದ ಎತ್ತಿದ, ಕೌದಿಯಲ್ಲಿ ಸುತ್ತಿದ, ಎದೆಗೆ ಅವಚಿಕೊಂಡು ನಡೆದ. ಬಾವಿಯ ಹತ್ತಿರ ಹೆಂಗಸರು ತಡೆದು, ಕೌದಿಯಿಂದ ಹೊಗೆ ಬರುತ್ತಿದೆಯಲ್ಲೋ, ಒಳಗೇನಿದೆ ಅಂತ ಕೇಳಿದರು.

"ಸಣ್ಣಗೆ ಮಾತಾಡ್ರಿ," ಅಂದ ಅಡಿವೆಪ್ಪ. "ಭಾಳ ಜೋಪಾನ ಮಾಡಬೇಕಂತ."

ಮನೆ ಮುಟ್ಟುವ ಹೊತ್ತಿಗೆ ಕೌದಿ ಉರಿದು, ಅಂಗಿ ಸುಟ್ಟು, ಎದೆಯ ಮೇಲೆ ಬೊಬ್ಬೆ ಎದ್ದಿತ್ತು. ಪಿನ್ನನ್ನು ಮಾತ್ರ ಬಿಟ್ಟಿರಲಿಲ್ಲ. ಸಂಕವ್ವ ಬೊಬ್ಬೆಗೆ ಬೆಣ್ಣೆ ಸವರುತ್ತಲೇ ಬೈದಳು. ಬಿಸಿ ಇದ್ದದ್ದು ಕೈಗೆ ಬಂದರೆ ಮೊದಲು ನೀರಿಗೆ ಹಾಕಬೇಕು, ಅಷ್ಟೂ ತಿಳಿಯದೇನೋ ಖೋಡಿ ಅಂದಳು. ಮರುದಿನ ಮಿಸ್ತ್ರಿಗೆ ಅಂತ ಒಲೆಯಿಂದ ಇಳಿಸಿದ ಬಿಸಿ ರೊಟ್ಟಿಯನ್ನೂ ಎಣ್ಣೆಗಾಯಿ ಪಲ್ಯವನ್ನೂ ಮಗನ ಕೈಯಲ್ಲಿ ಕಳಿಸಿದಳು. ಅವು ಎಮ್ಮೆ ಕುಡಿಯುವ ಬಾನಿಯಲ್ಲಿ ತೇಲಿದವು. ಎಮ್ಮೆಗೆ ಪಲ್ಯ ಹಿಡಿಸಿತು.

ಇಷ್ಟೆಲ್ಲ ಆದರೂ ಟ್ರ್ಯಾಕ್ಟರ್ ಜೋಡಣೆಯಾಯಿತು. ದೊಡ್ಡ ಎಂಜಿನ್ನಿನ ಪಕ್ಕದಲ್ಲಿ ಅದನ್ನು ಎಬ್ಬಿಸುವುದಕ್ಕೇ ಒಂದು ಸಣ್ಣ ಪೆಟ್ರೋಲ್ ಎಂಜಿನ್ನು. ಅದಕ್ಕೆ ಹಗ್ಗ ಸುತ್ತಿ ಜಗ್ಗಬೇಕು, ಅದು ಎದ್ದು ದೊಡ್ಡದನ್ನು ಎಬ್ಬಿಸಬೇಕು. ಮಿಸ್ತ್ರಿ ಜಗ್ಗಿದ, ಅಡಿವೆಪ್ಪ ಜಗ್ಗಿದ, ಮತ್ತೆ ಮಿಸ್ತ್ರಿ ಜಗ್ಗಿದ. ಬಿಸಿಲು ನೆತ್ತಿಗೆ ಬಂತು. ಕೊನೆಗೆ ಸಣ್ಣದು ಕೆಮ್ಮಿತು, ದೊಡ್ಡದು ಗುಡುಗಿತು, ಚಿಮಣಿಯಿಂದ ಕರೀ ಹೊಗೆ ಎದ್ದು ಬೇವಿನ ಮರದ ಕಾಗೆಗಳೆಲ್ಲ ಹಾರಿದವು. ಸಂಕವ್ವನ ಕಣ್ಣಲ್ಲಿ ನೀರು ಬಂತು. ಗಂಡ ಹೊಲದಿಂದ ಮನೆಗೆ ಬರುವಾಗ ಕೇಳುತ್ತಿದ್ದ ಸಪ್ಪಳ ಅದು. ಮಿಸ್ತ್ರಿಯನ್ನು ಕರೆದು ಕೂಡಿಸಿ ಚಹಾ ಮಾಡಲು ಒಳಗೆ ಹೋದಳು.

ಅಷ್ಟರಲ್ಲಿ ಗೂಳಪ್ಪ ಬೇಲಿಯ ಹತ್ತಿರ ಬಂದ. ಏನೋ ತಮ್ಮಾ ಇದು ಸಪ್ಪಳ, ನಿಂದ್ರಸು ಅಂದ. ಅಡಿವೆಪ್ಪ ನಿಲ್ಲಿಸಿದ.

ಮತ್ತೆ ಹಗ್ಗ ಸುತ್ತಿದರು. ಮತ್ತೆ ಜಗ್ಗಿದರು. ಇಳಿಹೊತ್ತಿಗೆ ಎಂಜಿನ್ನು ಎದ್ದಿತು, ಆದರೆ ಮಿಸ್ತ್ರಿಯ ಸೊಂಟ ಹಿಡಿದುಕೊಂಡು ಅವನು ಏಳಲಾರದೆ ಹೋದ. ಅವನನ್ನು ಕಟ್ಟೆಯ ಮೇಲೆ ಮಲಗಿಸಿದರು. ಮೂಡಣದಲ್ಲಿ ಮೋಡ ಕಟ್ಟುತ್ತಿತ್ತು. ಟ್ರ್ಯಾಕ್ಟರ್ ಹೊಡೆಯಲು ಉಳಿದವನು ಒಬ್ಬನೇ. ಹಿಡಿಕೆ ಎಳೆಯುವುದನ್ನು ಮಿಸ್ತ್ರಿ ಮಲಗಿದಲ್ಲಿಂದಲೇ ಅವನಿಗೆ ಹೇಳಿಕೊಟ್ಟ. ಸಂಕವ್ವ ಯಂತ್ರದ ಮುಂದೆ ಮುಂದೆ ನಡೆದು, ಮಗನನ್ನು ಹೊಲಕ್ಕೆ ಕರೆದೊಯ್ದಳು. ನೇಗಿಲು ಹೂಡಿಸಿದಳು. ಇನ್ನು ಅರ್ಧ ಮಾತು ಹೇಳಿ ಕೆಡಬಾರದು ಅಂತ ಯೋಚಿಸಿ ಯೋಚಿಸಿ, ಅವನ ಗದ್ದ ಹಿಡಿದು ಹೇಳಿದಳು:

"ನನ್ನಪ್ಪಾ, ಕಿವಿಗೊಟ್ಟು ಕೇಳು. ನಟ್ಟು ಎಲ್ಲಿ ಹೋಗೈತಿ ಅಲ್ಲಿ ಬೆನ್ನ ಹತ್ತು. ಒಂದ ಬೇರು ಉಳೀಬಾರದು. ಅಲ್ಲೀತನಕ ನಿಮ್ಮ ಕಾಕಾ ಅಲ್ಲ, ಯಾರ ಬಂದು ನಿಂದ್ರಸು ಅಂದ್ರೂ ನಿಂದ್ರಸಬ್ಯಾಡ."

"ಹೂಂ ಬೇ," ಅಂದ ಅಡಿವೆಪ್ಪ.

ಮತ್ತೆ ಹೇಳು ನೋಡೋಣ ಅಂದಳು. ಒಂದಕ್ಷರ ಬಿಡದೆ ಹೇಳಿದ. ಮೊದಲ ಸಾಲಿಗೇ ನೇಗಿಲು ಆಳಕ್ಕೆ ಇಳಿದು, ಕರೀ ಮಣ್ಣು ಹೊರಳಿ, ಹಗ್ಗದಂಥ ಬೇರುಗಳು ಗೊಂಚಲು ಗೊಂಚಲಾಗಿ ಮೇಲೆ ಬಿದ್ದವು. ಮಗ ಗೆರೆ ಎಳೆದಂತೆ ನೆಟ್ಟಗೆ ಹೋದ, ನೆಟ್ಟಗೆ ಬಂದ. ಸಂಕವ್ವ ಆರು ಸಾಲು ನೋಡಿದಳು, ತಪ್ಪಿಲ್ಲ. ಇವನನ್ನು ಎಷ್ಟು ಬೈದೆ ಅಂತ ಅವಳಿಗೇ ಕೆಟ್ಟೆನಿಸಿತು. ಮಗನಿಗೆ ಬೆಲ್ಲ ಹಾಕಿ ಸಿಹಿ ಮಾದಲಿ ಮಾಡಬೇಕು ಅಂತ ಮನೆಗೆ ಓಡಿದಳು.

ಅಡಿವೆಪ್ಪ ಹೊಲ ಮುಗಿಸಿದ. ನಟ್ಟು ಮುಗಿದಿರಲಿಲ್ಲ. ಅದು ಬದುವಿನೊಳಗೆ ಹೋಗಿತ್ತು, ಬದು ಕಿತ್ತ. ಬದುವಿನ ಆಚೆ ಗೂಳಪ್ಪನ ಬಣವೆಯ ಕೆಳಗೆ ಹೋಗಿತ್ತು, ಬಣವೆ ಎರಡು ಪಾಲಾಯಿತು. ಗೂಳಪ್ಪ ಧೋತರ ಕೈಯಲ್ಲಿ ಹಿಡಿದು ಓಡಿ ಬಂದು ನಿಂದ್ರಸೋ ಅಂದ. ಅಡಿವೆಪ್ಪ ಅವನತ್ತ ನೋಡಿ, ನಮ್ಮವ್ವ ನೀನು ಹೀಗೇ ಅಂತೀ ಅಂತ ಮೊದಲೇ ಹೇಳ್ಯಾಳ ಅನ್ನುವ ಹಾಗೆ ನಕ್ಕ. ನಟ್ಟು ಬಂಡಿದಾರಿಗೆ ಇಳಿದಿತ್ತು. ದಾರಿಯನ್ನು ಉತ್ತ. ದಾರಿಯ ಅಂಚು ಹಿಡಿದು ಊರ ಕಡೆ ಬಂದಿತ್ತು. ಊರ ಕಡೆ ಬಂದ.

ಕಟ್ಟೆಯ ಮೇಲೆ ಮಲಗಿದ್ದ ಹಜರೇಸಾಬ ಕಿವಿ ನಿಮಿರಿಸಿದ. ಸಪ್ಪಳ ಹತ್ತಿರ ಬರುತ್ತಿದೆಯಲ್ಲ ತಂಗೀ ಅಂದ. ಸಂಕವ್ವ ಬೆಲ್ಲ ಕುಟ್ಟುತ್ತ, ಕೆಲಸ ಮುಗಿಸಿ ಬರುತ್ತಿರಬೇಕು, ಬರಲಿ ಅಂದಳು. ಇನ್ನೂ ಹತ್ತಿರ ಬಂತು. ನೇಗಿಲು ಎತ್ತಿದ ಸಪ್ಪಳ ಅಲ್ಲ ಇದು ಅಂತ ಮಿಸ್ತ್ರಿ ಏಳಲು ನೋಡಿದ, ಸೊಂಟ ಬಿಡಲಿಲ್ಲ. ಹಿತ್ತಲ ಬೇಲಿ ಮುರಿಯಿತು. ಬೇವಿನ ಮರದ ಕೆಳಗೆ, ಟ್ರ್ಯಾಕ್ಟರ್ ಇಷ್ಟು ವರ್ಷ ನಿಂತಿದ್ದ ಜಾಗದಲ್ಲಿ ನೆಲ ಹೊರಳಿತು.

ಆಮೇಲೆ ಅಡಿಗೆಮನೆಯ ಹಿಂದಿನ ಗೋಡೆ, ಮೊದಲು ಸ್ವಲ್ಪ ಮಣ್ಣು ಉದುರಿಸಿ, ತಡೆದು, ಅಷ್ಟೂ ಒಮ್ಮೆಲೇ ಕೂತುಬಿಟ್ಟಿತು.

ಧೂಳು ಇಳಿದಾಗ ಸಂಕವ್ವನ ಒಲೆಯ ಮುಂದೆ ಟ್ರ್ಯಾಕ್ಟರಿನ ಮೂತಿ ಇತ್ತು. ಮೇಲೆ ಮೈತುಂಬ ಮಣ್ಣಾದ ಮಗ. ಹಿಂದೆ ನೇಗಿಲಿಗೆ ಜೋತುಬಿದ್ದು ಎಳೆಸಿಕೊಂಡು ಬಂದ ಗೂಳಪ್ಪ, ಧೋತರ ಎಲ್ಲೋ ದಾರಿಯಲ್ಲಿ ಬಿಟ್ಟು ಬಂದಿದ್ದ.

"ಹೊಲ ನಿಂದ, ವೈನಿ," ಅಂತ ಏದುಸಿರು ಬಿಟ್ಟ. "ಹಿರ್ಯಾರ ಮುಂದ ಬೇಕಾದ್ರ ಹೇಳ್ತೀನಿ, ಹೊಲ ನಿಂದ. ಇವನ್ನ ಒಂದ ನಿಂದ್ರಸು."

ಸಂಕವ್ವ ಬೆಲ್ಲದ ಕೈಯಲ್ಲೇ ಮಗನಿಗೆ ಕೈ ಮುಗಿದಳು. ನಿಂದ್ರಸಪ್ಪಾ ಅಂದಳು. ಎಂಜಿನ್ನಿನ ಸಪ್ಪಳದ ಮೇಲೆ ಕೂಗಿ ಕೂಗಿ ಅಂದಳು.

ಅಡಿವೆಪ್ಪ ಅವಳನ್ನು ಕನಿಕರದಿಂದ ನೋಡಿದ.

"ಯಾರ ಅಂದ್ರೂ ನಿಂದ್ರಸಬ್ಯಾಡ ಅಂದೀಯಲ್ಲ ಬೇ," ಅಂದ. "ಒಂದ ಬೇರು ಉಳದೈತಿ. ಒಲಿ ಕೆಳಗ ಹೋಗೈತಿ. ನೀ ಸ್ವಲ್ಪ ಆಕಡೆ ಸರಿ."